ಗಂಡನನ್ನು ತೆಗೆದು ನೋಡು

ಗೆಳತಿಯ ಮನೆಯ ಗೃಹಪ್ರವೇಶಕ್ಕೆ ಎರಡು ಥರದ ಕಾರ್ಡು. ನೆಂಟರಿಗೆ ಕನ್ನಡದ್ದು, ಆಫೀಸಿನವರಿಗೆ ಇಂಗ್ಲಿಷಿನದು. ಕನ್ನಡದ್ದಕ್ಕೆ ತಲೆನೋವಿಲ್ಲ. ಮೇಲೊಬ್ಬ ಗಣಪತಿಯನ್ನು ಕೂರಿಸಿ ದೇವತಾನುಗ್ರಹದಿಂದ ಶುರು ಮಾಡಿದರೆ ಮಿಕ್ಕದ್ದನ್ನು ಪ್ರೆಸ್ಸಿನವನೇ ಬರೆದು ಮುಗಿಸುತ್ತಾನೆ. ಇಂಗ್ಲಿಷಿನದನ್ನು ಅವಳೇ ಬರೆದು ನನಗೆ ವಾಟ್ಸಾಪ್ ಮಾಡಿದಳು. "ಒಂದ್ಸಲ ಕಣ್ಣಾಡಿಸ್ಬಿಡೇ, ನಿಂಗೆ ಇಂಗ್ಲಿಷ್ ಚೆನ್ನಾಗಿ ಬರತ್ತಲ್ಲ."

ಹಾಗಂದ ಮೇಲೆ ಸುಮ್ಮನೆ "ಚೆನ್ನಾಗಿದೆ" ಅಂತ ವಾಪಸ್ ಕಳಿಸುವುದಕ್ಕಾಗುತ್ತದೆಯೇ? ಏನಾದರೊಂದು ತಿದ್ದಲೇಬೇಕು. ಹುಡುಕಿದೆ. 'ಪ್ಲೀಸ್ ಜಾಯಿನ್ ಮೈ ಹಸ್ಬೆಂಡ್ ಆ್ಯಂಡ್ ಮೀ' ಅಂತಿತ್ತು. ಆ 'ಮೀ' ಕಣ್ಣಿಗೆ ಚುಚ್ಚಿತು. ರೇಷ್ಮೆ ಸೀರೆಯವರ ಸಾಲಿನ ಕೊನೆಗೆ ಯಾರೋ ನೈಟಿಯಲ್ಲೇ ಬಂದು ನಿಂತ ಹಾಗಿತ್ತು. ಅದನ್ನು ಹೊಡೆದುಹಾಕಿ 'ಐ' ಬರೆದೆ. ನೂರು ಕಾರ್ಡು ಅಚ್ಚಾಗಿ ಬಂದವು.

ಮೊದಲ ಕಾರ್ಡನ್ನು ಅವಳು ತನ್ನ ದೊಡ್ಡಪ್ಪನಿಗೆ ಕೊಟ್ಟಳು. ದೊಡ್ಡಪ್ಪ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವರು, ಈಗಲೂ ಫೋನೆತ್ತಿದರೆ "ಟು ಹೂಮ್ ಆ್ಯಮ್ ಐ ಸ್ಪೀಕಿಂಗ್?" ಅನ್ನುವವರು. 'ಹೂ' ಕರ್ತೃ, 'ಹೂಮ್' ಕರ್ಮ ಅನ್ನುವ ಭೇದವನ್ನು ಇಂಗ್ಲಿಷಿನವರೇ ಬಾಯಿಮಾತಿನಲ್ಲಿ ಹೆಚ್ಚುಕಡಿಮೆ ಬಿಟ್ಟಿರಬಹುದು, ಇವರು ಬಿಟ್ಟಿಲ್ಲ. 'ಐ' ಸುತ್ತ ಪೆನ್ಸಿಲ್‌ನಲ್ಲಿ ದುಂಡಗೆ ಸೊನ್ನೆ ಸುತ್ತಿ ಕಾರ್ಡು ವಾಪಸ್ ಕೊಟ್ಟರಂತೆ.

'ಮೀ' ಮೇಲಿನ ನನ್ನ ಹಗೆ ಇಂದು ನಿನ್ನೆಯದಲ್ಲ. ಏಳನೇ ಕ್ಲಾಸಿನಲ್ಲಿ 'ಮೀ ಆ್ಯಂಡ್ ಸುಮಾ' ಜಾತ್ರೆಗೆ ಹೋಗಿದ್ದನ್ನು ಬರೆದದ್ದಕ್ಕೆ ಟೀಚರ್ ಬೆಂಚಿನ ಮೇಲೆ ನಿಲ್ಲಿಸಿದ್ದರು. ಸುಮಾ ಮೊದಲು, ನಾನು ಆಮೇಲೆ, ಅದೂ 'ಐ' ಆಗಿ. ಅವರು ಹೇಳಿದ್ದು ಸರಿಯೇ. ನಾನು ತಲೆಗೆ ಹಾಕಿಕೊಂಡದ್ದು ಮಾತ್ರ, ಇನ್ನೊಬ್ಬರು ಜೊತೆಗಿದ್ದರೆ 'ಐ'ನೇ ಮರ್ಯಾದೆ ಅಂತ. ಷೇಕ್ಸ್‌ಪಿಯರ್ ಕೈಯಲ್ಲೂ ಹೀಗಾಗಿದೆ ಅನ್ನುವುದೊಂದು ಸಮಾಧಾನ. 1600ರಲ್ಲಿ ಅಚ್ಚಾದ ಅವನ 'ವೆನಿಸ್ಸಿನ ವ್ಯಾಪಾರಿ'ಯಲ್ಲಿ ಆಂಟೋನಿಯೋ ಗೆಳೆಯನಿಗೆ ಬರೆದ ಕಾಗದದಲ್ಲಿ 'ಬಿಟ್ವೀನ್ ಯು ಆ್ಯಂಡ್ ಐ' ಅನ್ನುತ್ತಾನೆ. ಮೈಯಿಂದ ಒಂದು ಪೌಂಡ್ ಮಾಂಸ ಕೊಯ್ಯಲು ಸಾಲ ಕೊಟ್ಟವನು ಕಾದಿರುವಾಗ ವಿಭಕ್ತಿ ಯಾರು ನೋಡುತ್ತಾರೆ! ನನಗೇನು ಅಂಥ ಗಂಡಾಂತರವಿತ್ತು?

ಗಂಡಾಂತರ ಬಂದದ್ದು ಆಮೇಲೆ, ಫೋನಿನಲ್ಲಿ. ಗೆಳತಿ ಅಳುದನಿಯಲ್ಲಿ, "ಹಂಗಾದ್ರೆ ಎಲ್ಲಿ ಐ, ಎಲ್ಲಿ ಮೀ ಅಂತ ಕಂಡುಹಿಡಿಯೋದ್ಹೇಗೇ?" ಅಂದಳು. ಅಷ್ಟು ಹೊತ್ತಿಗೆ ನಾನೂ ಪುಸ್ತಕ ತೆಗೆದು ಉಪಾಯ ಓದಿಕೊಂಡಿದ್ದೆ.

"ಸುಲಭ. ಮೊದ್ಲು ಗಂಡನ್ನ ತೆಗೆದುಹಾಕು. ಆಮೇಲೆ ನೋಡು, ಎಲ್ಲಾ ತಾನಾಗೇ ಸರಿಹೋಗತ್ತೆ. ಅಯ್ಯೋ, ಪೂರ್ತಿಯಾಗಲ್ಲ ಕಣೇ, ಪರೀಕ್ಷೆಗೆ ಒಂದು ನಿಮಿಷ ಅಷ್ಟೆ. ಈಗೀಗ ನಾನೂ ಹಂಗೇ ಮಾಡೋದು."

ಪಕ್ಕದಲ್ಲಿ ಅತ್ತೆ ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದರು. ಒಂದು ಕಾಳು ಬೆರಳ ಸಂದಿಯಿಂದ ಚಟ್ಟನೆ ಹಾರಿ ಸೋಫಾ ಕೆಳಗೆ ಹೋಯಿತು. ಅದನ್ನು ಹುಡುಕಲಿಲ್ಲ ಅವರು, ನನ್ನನ್ನೇ ನೋಡುತ್ತಿದ್ದರು.

"ನೀನೂ ಹಂಗೇ ಮಾಡೋದು ಅಂದ್ರೇನಮ್ಮಾ?"

ಸಿಪ್ಪೆಯ ತಟ್ಟೆಯ ಪಕ್ಕ ಕೂತು ವಿವರಿಸಿದೆ. ಗಂಡನನ್ನು ತೆಗೆದರೆ 'ಜಾಯಿನ್ ಐ' ಉಳಿಯುತ್ತದೆ, ಅದು ಕಿವಿಗೆ ಹಿಡಿಸುವುದಿಲ್ಲ, ಹಾಗಾಗಿ 'ಮೀ'. ಗೊತ್ತಾದ ಮೇಲೆ ಗಂಡನನ್ನು ಅವರ ಜಾಗಕ್ಕೇ ವಾಪಸ್ ತಂದು ಕೂರಿಸಬಹುದು.

"ಇದಕ್ಕೆ ಅವನನ್ಯಾಕೆ ಎಬ್ಬಿಸ್ಬೇಕು? 'ನನ್ನ ಗಂಡನಿಗೂ ನಾನೂ ಆಶೀರ್ವಾದ ಮಾಡಿ' ಅಂತ ಯಾರಾದ್ರೂ ಅಂತಾರಾ? ಗಂಡನಿಗೂ, ನನಗೂ. ಅಷ್ಟೂ ತಿಳಿಯಲ್ವಾ ಆ ಜನಕ್ಕೆ?"

ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ಅತ್ತೆ ಸರಿಯಾದ ಜಾಗಕ್ಕೇ ಕೈಹಾಕಿದ್ದರು. ಕನ್ನಡದಲ್ಲಿ ಪಂಕ್ತಿಗೆ ಕೂತ ಪ್ರತಿಯೊಬ್ಬರಿಗೂ ಬೇರೆ ಬೇರೆ ಎಲೆ ಹಾಕಿದ ಹಾಗೆ ಬೇರೆ ಬೇರೆ ಪ್ರತ್ಯಯ ಹಾಕುತ್ತೇವೆ. ರಾಮನು, ರಾಮನನ್ನು, ರಾಮನಿಂದ ಅಂತ ಏಳು ವಿಭಕ್ತಿಯನ್ನೂ ಉಸಿರು ಕಟ್ಟಿ ಒಪ್ಪಿಸಿದವಳು ನಾನು. ('ರಾಮನ ದೆಸೆಯಿಂದ' ಅಂತ ಪರೀಕ್ಷೆಯ ಹೊರಗೆ ಯಾರೂ ಅಂದದ್ದನ್ನು ಕೇಳಿಲ್ಲ, ಆ ಮಾತು ಬೇರೆ.) ಸಾವಿರ ವರ್ಷದ ಹಿಂದೆ ಇಂಗ್ಲಿಷಿನ ನಾಮಪದಗಳಿಗೂ ವಿಭಕ್ತಿಗಳಿದ್ದವು. ಸವೆದೂ ಸವೆದೂ ಈಗ ಷಷ್ಠಿಯದೊಂದು 'ಎಸ್' ಮಿಕ್ಕಿದೆ, ಜೊತೆಗೆ ಐ-ಮೀ, ಹೀ-ಹಿಮ್ ಅಂತ ಸರ್ವನಾಮಗಳ ಐದಾರು ಜೋಡಿ. ಹೀಗಾಗಿ ಹಸ್ಬೆಂಡ್ ಕರ್ತೃವಾದರೂ ಹಸ್ಬೆಂಡೇ, ಕರ್ಮವಾದರೂ ಹಸ್ಬೆಂಡೇ, ಮೈಮೇಲೆ ಒಂದು ಗುರುತಿಲ್ಲ. ವ್ಯಾಕರಣದ ಭಾರವೆಲ್ಲ ಪಕ್ಕದಲ್ಲಿ ನಿಂತ ಹೆಂಡತಿಯ ತಲೆಯ ಮೇಲೆ.

"ಮೈಸೆಲ್ಫ್ ಅಂತ ಸ್ಟಿಕ್ಕರ್ ಅಂಟಿಸಿಬಿಡ್ಲಾ?" ಅಂತ ಗೆಳತಿ ಮತ್ತೆ ಫೋನ್ ಮಾಡಿದಳು. ಐ-ಮೀ ಎರಡಕ್ಕೂ ಹೆದರಿದವರೆಲ್ಲ ಕೊನೆಗೆ ಹೋಗಿ ಬೀಳುವ ಮಡಿಲು ಈ ಮೈಸೆಲ್ಫು. ಬೇಡವೆಂದೆ. ಕಾರ್ಡು ಹಂಚಿ ಮುಗಿಯಿತು, ಆಫೀಸಿನವರು ಒಬ್ಬರೂ ಏನೂ ಅನ್ನಲಿಲ್ಲ.

ಗೃಹಪ್ರವೇಶದ ದಿನ ಎರಡನೇ ಪಂಕ್ತಿಯಲ್ಲಿ ಕೂತಿದ್ದೆ. ಒಬ್ಬಟ್ಟಿನ ಮೇಲೆ ತುಪ್ಪ ಬಿದ್ದಿತ್ತು, ಅರ್ಧ ಒಬ್ಬಟ್ಟು ಬಾಯೊಳಗಿತ್ತು. ದೊಡ್ಡಪ್ಪ ಉಪಚಾರ ಮಾಡುತ್ತಾ ಬಂದವರು ನನ್ನ ಎಲೆಯ ಮುಂದೆ ನಿಂತು ಜುಬ್ಬದ ಜೇಬಿನಿಂದ ಅದೇ ಕಾರ್ಡು ತೆಗೆದರು.

"ಹೂ ಡಿಡ್ ದಿಸ್?"

ಗೆಳತಿಯ ಬೆರಳು ಆಗಲೇ ನನ್ನ ಕಡೆಗಿತ್ತು. 'ಇಟ್ ವಾಸ್ ಮೀ' ಅಂದರೆ ಈ ಹಿರಿಯರಿಗೆ ಆಗುವುದಿಲ್ಲ. 'ಇಟ್ ವಾಸ್ ಐ' ಅಂದರೆ ಪಂಕ್ತಿಗೆ ಪಂಕ್ತಿಯೇ ತಿರುಗಿ ನೋಡುತ್ತದೆ. ಒಬ್ಬಟ್ಟು ಬೇರೆ ಗಂಟಲಿಳಿಯಲೊಲ್ಲದು. ತಲೆ ತಗ್ಗಿಸಿ, "ಹೂಂ" ಅಂದೆ.

"ಹೂಮ್ ಅಲ್ಲಮ್ಮಾ," ಅಂದರು ದೊಡ್ಡಪ್ಪ ಬೇಸರದಲ್ಲಿ. "ಇಲ್ಲಿ ಹೂ. ತಪ್ಪು ಮಾಡಿದವರು ಕರ್ತೃ."