‘ಅಣ್ಣಾ, ನೀವು ಯಾವ ಕಡೆ?’ ಎಂದು ಇನ್ನು ನನ್ನನ್ನು ಕೇಳಬೇಡಿ

ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್‌ನ ಹೊಸ ಸೀಸನ್ ಶುರುವಾದರೂ ನಮ್ಮ ನಡುಮನೆಯಲ್ಲಿ ಶನಿವಾರ ರಾತ್ರಿ ಚಾಪೆ ಹಾಸಿಲ್ಲ. ಕೋಲಾರದ ಟೇಕಲ್ ರಸ್ತೆಯ ಈ ಬಾಡಿಗೆ ಮನೆಯಲ್ಲಿ ಪಂದ್ಯ ನೋಡಲು ಹನ್ನೊಂದು ವರ್ಷದಿಂದ ತಪ್ಪದೆ ಸೇರುತ್ತಿದ್ದ ಏಳು ಜನರ ಕೂಟ ಮುರಿದುಹೋಗಿದೆ. ಅದು ಮುರಿದದ್ದು ದುಡ್ಡಿನ ವಿಚಾರಕ್ಕಲ್ಲ, ಜಾಗದ ತಕರಾರಿಗಲ್ಲ, ನಿಮ್ಮ ತಂಡ ನಮ್ಮ ತಂಡ ಎಂಬ ಜಗಳಕ್ಕೂ ಅಲ್ಲ. ಇಂಗ್ಲೆಂಡಿನ ಬಿಬಿಸಿ ವಾಹಿನಿಯಿಂದ, ಫುಟ್‌ಬಾಲ್ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಹಳೆಯ ಆಟಗಾರ ಗ್ಯಾರಿ ಲಿನೆಕರ್ ಹೊರಗೆ ಹೋದರು. ಅವರು ಹೋದದ್ದು ಸರಿಯೋ ತಪ್ಪೋ ಎಂದು ಇಲ್ಲಿ ಕೂತು ಹೊಡೆದಾಡಿಕೊಂಡೆವು. ಇಪ್ಪತ್ತು ವರ್ಷದ ಸ್ನೇಹಿತರು ಈಗ ಡೂಂ ಲೈಟ್ ವೃತ್ತದಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಇಷ್ಟು ದಿನ ನುಂಗಿಕೊಂಡಿದ್ದೆ. ಇನ್ನು ಆಗುವುದಿಲ್ಲ, ಬರೆದೇ ತೀರುತ್ತೇನೆ.

ಲಿನೆಕರ್ ಎಂದರೆ ನನಗೆ ಟಿ.ವಿ. ನಿರೂಪಕ ಮಾತ್ರ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ. ನಮ್ಮಪ್ಪ ಗಣಿಯಲ್ಲಿ ದುಡಿಯುತ್ತಿದ್ದವರು, ಶಿಫ್ಟ್ ಮುಗಿಸಿ ಬಂದು ಅದೇ ದಣಿದ ಕಾಲಿನಲ್ಲಿ ಫುಟ್‌ಬಾಲ್ ಆಡುತ್ತಿದ್ದವರು. 1986ರ ಜೂನ್ 22ರ ರಾತ್ರಿ ಹನ್ನೊಂದೂವರೆಗೆ, ಮೆಕ್ಸಿಕೋದಲ್ಲಿ ನಡು ಮಧ್ಯಾಹ್ನವಾಗಿದ್ದಾಗ, ಗಣಿ ಲೈನಿನ ಒಂದೇ ಒಂದು ಟಿ.ವಿ.ಯ ಮುಂದೆ ಮೂವತ್ತು ನಲವತ್ತು ಜನ ಕೂತು ಇಂಗ್ಲೆಂಡ್ ಮತ್ತು ಅರ್ಜೆಂಟೀನಾ ನಡುವಿನ ವಿಶ್ವಕಪ್ ಕ್ವಾರ್ಟರ್ ಫೈನಲ್ ನೋಡಿದೆವು. ಅರ್ಜೆಂಟೀನಾದ ಮರಡೋನಾ ಕೈಯಲ್ಲಿ ಹೊಡೆದ ಗೋಲನ್ನೂ, ಅರ್ಧ ಮೈದಾನ ಓಡಿ ಹೊಡೆದ ಗೋಲನ್ನೂ ಜಗತ್ತು ಇವತ್ತಿಗೂ ನೆನೆಯುತ್ತದೆ. ನಮ್ಮಪ್ಪ ಮಾತ್ರ ಮಾರನೆಯ ದಿನ ಎಂಬತ್ತೊಂದನೆಯ ನಿಮಿಷದ ಮೂರನೆಯ ಗೋಲಿನ ಮಾತಾಡಿದರು. ಜಾನ್ ಬಾರ್ನ್ಸ್ ಎಡಗಡೆಯಿಂದ ಚೆಂಡನ್ನು ಎತ್ತಿ ಕಳಿಸಿದಾಗ ಲಿನೆಕರ್ ಅದನ್ನು ತಲೆಯಿಂದ ಗೋಲಿಗೆ ತಳ್ಳಿದ್ದರು. ‘ನೋಡಿದೆಯೇನೋ, ಚೆಂಡು ಬರೋ ಮುಂಚೇನೇ ಅವನು ಅಲ್ಲಿಗೆ ಹೊರಟುಬಿಟ್ಟಿದ್ದ’ ಎಂದು ಅಪ್ಪ ಹೇಳಿದ್ದು ಹತ್ತು ವರ್ಷದ ನನ್ನ ಕಿವಿಯಲ್ಲಿ ಉಳಿದುಬಿಟ್ಟಿತು. ಆ ವಿಶ್ವಕಪ್‌ನಲ್ಲಿ ಲಿನೆಕರ್ 6 ಗೋಲು ಹೊಡೆದು, ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಚಿನ್ನದ ಬೂಟು ಗೆದ್ದರು. ಇಂಗ್ಲೆಂಡ್ ಪರ 80 ಪಂದ್ಯಗಳಲ್ಲಿ 48 ಗೋಲು ಹೊಡೆದ ಆ ಮನುಷ್ಯ, ಇಡೀ ವೃತ್ತಿಜೀವನದಲ್ಲಿ ಒಂದು ಹಳದಿ ಕಾರ್ಡನ್ನೂ ಪಡೆಯಲಿಲ್ಲ.

ಅಂಥವರು 1999ರಲ್ಲಿ ಬಿಬಿಸಿಯ ‘ಮ್ಯಾಚ್ ಆಫ್ ದ ಡೇ’ ಕಾರ್ಯಕ್ರಮದ ನಿರೂಪಕರಾದರು. 1964ರಿಂದ ನಡೆದುಬಂದಿರುವ ಆ ಕಾರ್ಯಕ್ರಮದಲ್ಲಿ ದಿನದ ಪಂದ್ಯಗಳ ಮುಖ್ಯ ತುಣುಕುಗಳನ್ನು ತೋರಿಸಿ, ಹಳೆಯ ಆಟಗಾರರನ್ನು ಕೂರಿಸಿಕೊಂಡು ಬಿಡಿಸಿ ಹೇಳುತ್ತಾರೆ. ನಮ್ಮ ಕೂಟದ ಏಳು ಜನರಲ್ಲಿ ಒಬ್ಬರೂ ಅದನ್ನು ಒಂದು ದಿನವೂ ಮೊದಲಿನಿಂದ ಕೊನೆಯವರೆಗೆ ನೋಡಿದ್ದಿಲ್ಲ. ನಾವು ನೋಡುವುದು ಇಲ್ಲಿನ ವಾಹಿನಿಯಲ್ಲಿ ಬರುವ ನೇರ ಪಂದ್ಯಗಳನ್ನು, ಆಮೇಲೆ ಮೊಬೈಲಿಗೆ ಬರುವ ಎರಡು ಮೂರು ನಿಮಿಷದ ತುಣುಕುಗಳನ್ನು. ನಾನೂ ತುಣುಕು ನೋಡಿದವನೇ. ಆದರೆ ಭಾನುವಾರ ಬೆಳಿಗ್ಗೆ ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ನಾನು ಫುಟ್‌ಬಾಲ್ ಹೇಳಿಕೊಡುವ ಹದಿನೈದು ಹುಡುಗರನ್ನು ಗ್ಯಾಲರಿಯ ಮೆಟ್ಟಿಲ ಮೇಲೆ ಕೂರಿಸಿ, ಆ ತುಣುಕುಗಳನ್ನೇ ನಿಲ್ಲಿಸಿ ನಿಲ್ಲಿಸಿ ತೋರಿಸಿದ್ದೇನೆ. ಅಲ್ಲಿ ಲಿನೆಕರ್ ಕೇಳಿದ ಪ್ರಶ್ನೆ ಏನು, ಅದಕ್ಕೆ ಹಳೆಯ ಆಟಗಾರ, ವಿಶ್ಲೇಷಕ ಅಲನ್ ಶಿಯರರ್ ಪರದೆಯ ಮೇಲೆ ಯಾವ ಆಟಗಾರನನ್ನು ಗುರುತು ಮಾಡಿ ಏನು ಹೇಳಿದರು ಎಂಬುದನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳಿದ್ದೇನೆ. ಡಿಫೆಂಡರ್ ಚೆಂಡನ್ನೇ ನೋಡುತ್ತಿರುವಾಗ ಅವನ ಬೆನ್ನಹಿಂದಿನಿಂದ ಜಾರಿಕೊಳ್ಳುವುದು ಹೇಗೆ ಎಂಬುದನ್ನು ನಮ್ಮ ಹುಡುಗರು ಕಲಿತದ್ದು ಹಾಗೆ. ಆದ್ದರಿಂದ ಈ ಮನುಷ್ಯ ಕೆಲಸ ಬಿಟ್ಟರು ಎಂದಾಗ ನನಗೆ ಮೊದಲು ನೆನಪಾದದ್ದು ಆ ಕೆಲಸ. ನಮ್ಮ ಗೆಳೆಯರಲ್ಲಿ ಒಬ್ಬರಿಗಾದರೂ ಅದು ನೆನಪಾಗಲಿಲ್ಲ ಎಂಬುದೇ ನನ್ನ ಸಿಟ್ಟು.

ನಡೆದದ್ದು ಏನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. 2023ರ ಮಾರ್ಚ್‌ನಲ್ಲಿ ಬ್ರಿಟನ್ ಸರ್ಕಾರ ವಲಸಿಗರ ವಿರುದ್ಧ ತಂದ ಮಸೂದೆಯನ್ನು ಲಿನೆಕರ್ ಟೀಕಿಸಿ, ಅಲ್ಲಿ ಬಳಸುತ್ತಿರುವ ಭಾಷೆ ಮೂವತ್ತರ ದಶಕದ ಜರ್ಮನಿಯ ಭಾಷೆಯಿಂದ ದೂರವಿಲ್ಲ ಎಂಬರ್ಥದಲ್ಲಿ ಬರೆದರು. ಬಿಬಿಸಿ ಅವರನ್ನು ಕಾರ್ಯಕ್ರಮದಿಂದ ದೂರ ನಿಲ್ಲಿಸಿತು. ಕಾರ್ಯಕ್ರಮದ ವಿಶ್ಲೇಷಕರಾದ ಇಯಾನ್ ರೈಟ್, ಶಿಯರರ್ ಮೊದಲಾದವರು ನಾವೂ ಬರುವುದಿಲ್ಲ ಎಂದರು. ಮಾರ್ಚ್ 11ರ ರಾತ್ರಿ ನಿರೂಪಕರಿಲ್ಲದೆ, ವಿಶ್ಲೇಷಕರಿಲ್ಲದೆ, ವೀಕ್ಷಕ ವಿವರಣೆಯೂ ಇಲ್ಲದೆ ಕಾರ್ಯಕ್ರಮ ಬರೀ 20 ನಿಮಿಷ ನಡೆಯಿತು. ಎರಡೇ ದಿನದಲ್ಲಿ ವಾಹಿನಿ ರಾಜಿಗೆ ಬಂದು ಅವರನ್ನು ವಾಪಸು ಕರೆಯಿತು. 2024ರ ನವೆಂಬರ್‌ನಲ್ಲಿ, ಆ ಸೀಸನ್ ಮುಗಿದ ಮೇಲೆ ಅವರು ಆ ಕಾರ್ಯಕ್ರಮವನ್ನು ಬಿಡುತ್ತಾರೆ, ಆದರೆ 2026ರ ವಿಶ್ವಕಪ್‌ವರೆಗೆ ಬಿಬಿಸಿಯಲ್ಲೇ ಇರುತ್ತಾರೆ ಎಂದು ಪ್ರಕಟವಾಯಿತು. ಆಮೇಲೆ 2025ರ ಮೇ ತಿಂಗಳಲ್ಲಿ ಅವರು ಜಿಯೋನಿಸಂ, ಅಂದರೆ ಯಹೂದಿಗಳಿಗೆ ಸ್ವಂತ ದೇಶ ಬೇಕೆಂಬ ಚಳವಳಿಯ ವಿರುದ್ಧದ ಒಂದು ವಿಡಿಯೋ ಹಂಚಿಕೊಂಡರು. ಅದರಲ್ಲಿ ಇಲಿಯ ಚಿತ್ರವಿತ್ತು. ಯಹೂದಿಗಳನ್ನು ಇಲಿಗಳಿಗೆ ಹೋಲಿಸಿ ತುಚ್ಛೀಕರಿಸುವುದು ನಾಜಿಗಳು ಬಳಸಿದ ಪ್ರಚಾರ. ಲಿನೆಕರ್ ಅದನ್ನು ಅಳಿಸಿ, ಚಿತ್ರವನ್ನು ಗಮನಿಸಿರಲಿಲ್ಲ ಎಂದು ಕ್ಷಮೆ ಕೇಳಿದರು. ಮೇ 19ರಂದು ವಾಹಿನಿಯನ್ನೇ ಬಿಡುವುದಾಗಿ ತೀರ್ಮಾನವಾಯಿತು. ಮೇ 25 ಅವರ ಕೊನೆಯ ದಿನ.

ನಮ್ಮ ಕೂಟದ ಕೊನೆಯ ದಿನವೂ ಅದೇ. ಅವತ್ತು ಭಾನುವಾರ, ಸೀಸನ್‌ನ ಕೊನೆಯ ಹತ್ತೂ ಪಂದ್ಯಗಳು ನಮ್ಮ ಸಮಯ ರಾತ್ರಿ ಎಂಟೂವರೆಗೆ ಒಟ್ಟಿಗೆ ಶುರುವಾದವು. ಮನೆಯವಳು ಕುಕ್ಕರಿನಲ್ಲಿ ಕಡಲೆಕಾಯಿ ಬೇಯಿಸಿ ದೊಡ್ಡ ತಟ್ಟೆಗೆ ಸುರಿದಿದ್ದಳು. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಆಸ್ಟನ್ ವಿಲ್ಲಾ ಆಡುವುದನ್ನು ಹಾಕಿಕೊಂಡಿದ್ದೆವು. ವಿಲ್ಲಾ ತಂಡಕ್ಕೆ ಯೂರೋಪಿನ ದೊಡ್ಡ ತಂಡಗಳು ಆಡುವ ಚಾಂಪಿಯನ್ಸ್ ಲೀಗ್‌ಗೆ ಹೋಗುವ ಅವಕಾಶ ಆ ಪಂದ್ಯದ ಮೇಲೆ ನಿಂತಿತ್ತು. ಆಟ ಹತ್ತು ನಿಮಿಷ ನಡೆದಿತ್ತೋ ಇಲ್ಲವೋ, ಪಾತ್ರೆ ಅಂಗಡಿಯ ಗೆಳೆಯ ‘ಇವತ್ತಿಗೆ ಪೀಡೆ ತೊಲಗ್ತು’ ಎಂದ. ಬ್ಯಾಂಕಿನಲ್ಲಿರುವ ಗೆಳೆಯ ‘ಯಾರಿಗೆ ಪೀಡೆ ಅಂತೀಯ? ನಿಜ ಹೇಳಿದವನನ್ನ ಕತ್ತು ಹಿಡಿದು ದಬ್ಬವ್ರೆ’ ಎಂದು ಎದ್ದು ಕೂತ. ಅಲ್ಲಿಂದ ಮುಂದೆ ಯಾರೂ ಪರದೆಯ ಕಡೆ ನೋಡಲಿಲ್ಲ. ವಿಲ್ಲಾ ಗೋಲ್‌ಕೀಪರ್ ಮಾರ್ಟಿನೆಜ್ ಕೆಂಪು ಕಾರ್ಡ್ ಪಡೆದು ಹೊರಗೆ ಹೋದದ್ದನ್ನು ನೋಡಲಿಲ್ಲ. ಎರಡನೆಯ ಅವಧಿಯಲ್ಲಿ, ಇನ್ನೂ ಗೋಲಿಲ್ಲದೆ ಸಮನಾಗಿದ್ದಾಗ, ಯುನೈಟೆಡ್‌ನ ಗೋಲ್‌ಕೀಪರ್ ಕೈಜಾರಿದ ಚೆಂಡನ್ನು ವಿಲ್ಲಾದ ಮಾರ್ಗನ್ ರೋಜರ್ಸ್ ಕಸಿದು ಗೋಲಿಗೆ ಸೇರಿಸಿದ. ಆದರೆ ಚೆಂಡು ಗೆರೆ ದಾಟುವ ಮೊದಲೇ ರೆಫರಿ ಸೀಟಿ ಊದಿಬಿಟ್ಟಿದ್ದರು. ಸೀಟಿ ಊದಿದ ಮೇಲೆ ಆಟ ನಿಂತಂತೆ. ಆದ್ದರಿಂದ ವಿಡಿಯೋ ನೋಡಿ ತೀರ್ಪು ತಿದ್ದುವ ವಿಎಆರ್‌ನವರೂ ಅದನ್ನು ಪರಿಶೀಲಿಸುವಂತಿರಲಿಲ್ಲ. ಸ್ವಲ್ಪ ಹೊತ್ತಿಗೇ ಯುನೈಟೆಡ್ ಗೋಲು ಹೊಡೆದು, ಕೊನೆಗೆ 2–0ಯಿಂದ ಗೆದ್ದಿತು. ವಿಲ್ಲಾ ತಂಡ ನ್ಯೂಕ್ಯಾಸಲ್‌ನಷ್ಟೇ ಅಂಕ ಗಳಿಸಿಯೂ ಗೋಲುಗಳ ಅಂತರದಲ್ಲಿ ಅವಕಾಶ ಕಳೆದುಕೊಂಡಿತು.

ಒಬ್ಬ ರೆಫರಿ ಅರ್ಧ ಸೆಕೆಂಡು ತಾಳಿಕೊಳ್ಳದ್ದರಿಂದ ಒಂದು ತಂಡದ ಇಡೀ ವರ್ಷದ ದುಡಿಮೆ ಮಣ್ಣುಪಾಲಾಯಿತಲ್ಲ, ವಿಶ್ಲೇಷಣೆ ಎಂಬುದು ಇರುವುದೇ ಇಂಥ ಗಳಿಗೆಯನ್ನು ಬಿಡಿಸಿ ನೋಡಲಿಕ್ಕೆ. ‘ಅಯ್ಯೋ, ಇತ್ತ ನೋಡ್ರಪ್ಪಾ’ ಎಂದು ನಾನು ಎರಡು ಸಲ ಕೂಗಿದೆ. ಯಾರು ಕೇಳಿಸಿಕೊಳ್ಳಬೇಕು? ಲಿನೆಕರ್ ಪರವಾಗಿ ಹೊಡೆದಾಡುತ್ತಿದ್ದವರಿಗೂ, ವಿರೋಧವಾಗಿ ಹೊಡೆದಾಡುತ್ತಿದ್ದವರಿಗೂ ಆಟವೇ ಬೇಡವಾಗಿತ್ತು. ತಟ್ಟೆಯಲ್ಲಿ ಕಡಲೆಕಾಯಿ ತಣ್ಣಗಾಗಿ ಉಳಿಯಿತು.

ನನ್ನ ಹೊಟ್ಟೆ ಉರಿಸಿದ ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. 2023ರಲ್ಲಿ ಇದೇ ಪಾತ್ರೆ ಅಂಗಡಿಯ ಗೆಳೆಯ ‘ಆಟಗಾರನಿಗೂ ಬಾಯಿ ಇದೆ ಅಲ್ವಾ’ ಎಂದು ಲಿನೆಕರ್ ಪರ ವಾದಿಸಿದ್ದ. ಬ್ಯಾಂಕಿನ ಗೆಳೆಯ ‘ವರ್ಷಕ್ಕೆ ಹದಿಮೂರುವರೆ ಲಕ್ಷ ಪೌಂಡ್ ಸಂಬಳ ತಗೊಳ್ಳೋನು ಸಂಸ್ಥೆಯ ನಿಯಮಕ್ಕೆ ತಲೆಬಾಗಬೇಕು’ ಎಂದಿದ್ದ. ಎರಡು ವರ್ಷದಲ್ಲಿ ವಿಷಯ ಬದಲಾಯಿತು, ಇಬ್ಬರೂ ಜಾಗ ಬದಲಾಯಿಸಿಕೊಂಡರು. ಹೇಳಿದ ಮಾತು ತನಗೆ ಹಿಡಿಸಿದರೆ ಅದು ವಾಕ್ ಸ್ವಾತಂತ್ರ್ಯ, ಹಿಡಿಸದಿದ್ದರೆ ಅಧಿಕಪ್ರಸಂಗ. ನಮ್ಮ ಕ್ರಿಕೆಟ್‌ನ ವಿಷಯದಲ್ಲೂ ಇವರು ನಡೆದುಕೊಂಡದ್ದು ಹೀಗೆಯೇ. 2016ರಲ್ಲಿ ಹರ್ಷ ಭೋಗ್ಲೆ ಅವರನ್ನು ಐಪಿಎಲ್ ವೀಕ್ಷಕ ವಿವರಣೆಯಿಂದ ಕೈಬಿಟ್ಟಾಗ, ಕಾರಣವನ್ನೂ ಹೇಳದೆ ಒಬ್ಬ ಮನುಷ್ಯನನ್ನು ಕಳಿಸುವುದು ಅನ್ಯಾಯ ಎಂದು ಏಳೂ ಜನ ಒಂದೇ ದನಿಯಲ್ಲಿ ಹೇಳಿದ್ದೆವು. 2020ರಲ್ಲಿ ಸಂಜಯ್ ಮಾಂಜ್ರೇಕರ್ ಅವರನ್ನು ಬಿಸಿಸಿಐ ತನ್ನ ವಿವರಣೆಗಾರರ ಪಟ್ಟಿಯಿಂದ ತೆಗೆದಾಗ ಅದೇ ಏಳು ಜನರಲ್ಲಿ ಐವರು ಚಪ್ಪಾಳೆ ತಟ್ಟಿದರು. ಜಡೇಜಾ ಬಗ್ಗೆ ಅವರು ಆಡಿದ್ದ ಮಾತು ಇವರಿಗೆ ಹಿಡಿಸಿರಲಿಲ್ಲ, ಅಷ್ಟೇ. ತಕ್ಕಡಿ ಒಂದೇ ಇರಬೇಕಲ್ಲವೇ? ಗಿರಾಕಿಗೊಂದು ತೂಕದ ಕಲ್ಲು ಇಟ್ಟುಕೊಂಡ ಅಂಗಡಿಗೆ ಈ ಪಾತ್ರೆ ಅಂಗಡಿಯವನೇ ಕಾಲಿಡುವುದಿಲ್ಲ.

ನನ್ನ ಅಭಿಪ್ರಾಯವನ್ನು ನಾನು ಯಾವತ್ತೂ ಮುಚ್ಚಿಟ್ಟಿಲ್ಲ. 2023ರಲ್ಲಿ ಲಿನೆಕರ್ ಅವರನ್ನು ದೂರ ನಿಲ್ಲಿಸಿದ್ದು ತಪ್ಪು. ಅವರು ಸುದ್ದಿ ಓದುವವರಲ್ಲ, ಒಂದು ದೇಶದ ಪ್ರಜೆಯಾಗಿ ತಮ್ಮ ಸರ್ಕಾರದ ಮಸೂದೆಯ ಬಗ್ಗೆ ತಮ್ಮ ಹೆಸರಿನಲ್ಲಿ ಮಾತಾಡಿದ್ದರು. 2025ರಲ್ಲಿ ಆದದ್ದು ಬೇರೆ. ಲಕ್ಷಾಂತರ ಜನ ಹಿಂಬಾಲಿಸುವ ವ್ಯಕ್ತಿ ತಾನು ಹಂಚುವುದನ್ನು ಪೂರ್ತಿ ನೋಡಿಯೇ ಹಂಚಬೇಕು. ಒಂದು ಜನಾಂಗವನ್ನೇ ನಾಶಮಾಡಲು ಹೊರಟಿದ್ದವರು ಬಳಸಿದ ಚಿತ್ರವನ್ನು ಗಮನಿಸಲಿಲ್ಲ ಎನ್ನುವುದು ಸಾಲದು. ಅವರು ತಪ್ಪು ಒಪ್ಪಿಕೊಂಡರು, ಹೊರಟರು, ಹೊರಟದ್ದು ಸರಿ. ಹಾಗೆಂದು ಗಾಜಾದಲ್ಲಿ ಸಾಯುತ್ತಿರುವ ಮಕ್ಕಳ ಬಗ್ಗೆ ಅವರು ಆಡಿದ ಬೇರೆ ಮಾತುಗಳೆಲ್ಲ ಸುಳ್ಳಾಗುವುದಿಲ್ಲ. ಇಪ್ಪತ್ತಾರು ವರ್ಷ ಅವರು ಮಾಡಿದ ಕೆಲಸವೂ ಅಳಿಸಿಹೋಗುವುದಿಲ್ಲ. ಈ ಮಾತುಗಳನ್ನು ಒಟ್ಟಿಗೆ ಹೇಳಿದ್ದಕ್ಕೆ ಆ ರಾತ್ರಿ ಎರಡು ಕಡೆಯವರೂ ನನ್ನ ಮೇಲೆ ಬಿದ್ದರು. ‘ಅಣ್ಣಾ, ಎರಡು ದೋಣಿ ಮೇಲೆ ಕಾಲಿಡಬೇಡಿ, ನೀವು ಯಾವ ಕಡೆ ಹೇಳಿಬಿಡಿ’ ಎಂದು ನಮ್ಮಲ್ಲೇ ಚಿಕ್ಕವನು ನನ್ನನ್ನು ಕೇಳಿದ. ನನ್ನ ಮನೆಯಲ್ಲಿ ನನ್ನ ಚಾಪೆಯ ಮೇಲೆ ಕೂತು ಕೇಳಿದ.

ಆಟದ ವಿಷಯದಲ್ಲಿ ತಪ್ಪಿದವರನ್ನು ಇದೇ ಜನ ಎಷ್ಟು ಸುಲಭವಾಗಿ ಕ್ಷಮಿಸುತ್ತಾರೆ ಎಂಬುದನ್ನೂ ನೋಡಿದ್ದೇನೆ. 1995ರ ಆಗಸ್ಟ್‌ನಲ್ಲಿ ಇದೇ ವಿಲ್ಲಾ ಕೈಯಲ್ಲಿ ಯುನೈಟೆಡ್ 3–1ರಿಂದ ಸೋತಾಗ, ‘ಮ್ಯಾಚ್ ಆಫ್ ದ ಡೇ’ಯಲ್ಲೇ ಕೂತು ವಿಶ್ಲೇಷಕ ಅಲನ್ ಹ್ಯಾನ್ಸನ್ ಹುಡುಗರನ್ನು ಕಟ್ಟಿಕೊಂಡು ಏನನ್ನೂ ಗೆಲ್ಲಲಾಗದು ಎಂದಿದ್ದರು. ಆ ಹುಡುಗರೇ ಆ ವರ್ಷ ಲೀಗನ್ನೂ ಎಫ್‌ಎ ಕಪ್ಪನ್ನೂ ಗೆದ್ದರು. ಹ್ಯಾನ್ಸನ್ 2014ರವರೆಗೂ ಅದೇ ಕುರ್ಚಿಯಲ್ಲಿ ಗೌರವದಿಂದ ಕೂತಿದ್ದರು, ಅದೂ ಸರಿಯೇ. ಆಟ ಓದುವುದರಲ್ಲಿ ತಪ್ಪಿದ್ದನ್ನು ನಕ್ಕು ಮರೆಯುವ ನಮ್ಮವರು, ಆಟದಾಚೆಯ ಒಂದು ಮಾತಿಗೆ ಒಬ್ಬನನ್ನು ದೇವರನ್ನಾಗಿ ಇಲ್ಲವೇ ರಾಕ್ಷಸನನ್ನಾಗಿ ಮಾಡಲು ಹತ್ತು ನಿಮಿಷವನ್ನೂ ತೆಗೆದುಕೊಳ್ಳುವುದಿಲ್ಲ.

ಇದರ ಬಿಸಿ ಮಕ್ಕಳಿಗೂ ತಾಗಿತು. ಜೂನ್‌ನ ಒಂದು ಭಾನುವಾರ ನಾನು ಎಂದಿನಂತೆ ಮೊಬೈಲ್ ತೆಗೆದು ಹಳೆಯ ತುಣುಕೊಂದನ್ನು ಹಾಕಿದಾಗ, ಏಳನೆಯ ತರಗತಿಯ ಹುಡುಗನೊಬ್ಬ ‘ಸಾರ್, ಇವನು ಕೆಟ್ಟವನಂತೆ, ನೋಡಬಾರದಂತೆ’ ಎಂದ. ಅವನು ನಮ್ಮ ಕೂಟದ ಒಬ್ಬರ ಮಗ. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ, ಅವನೂ ನಮ್ಮವರೊಬ್ಬರ ಮಗನೇ, ‘ನಿಮ್ಮಪ್ಪನೇ ಕೆಟ್ಟವನು’ ಎಂದ. ಇಬ್ಬರೂ ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡರು. ಬಿಡಿಸಲು ಹೋದ ನನ್ನ ಕೈಯಿಂದ ಮೊಬೈಲ್ ಮೆಟ್ಟಿಲ ಮೇಲೆ ಬಿದ್ದು ಗಾಜು ಒಡೆಯಿತು. ಗಾಜು ಹಾಕಿಸಿಕೊಳ್ಳಬಹುದು. ಮೊದಲನೆಯ ಹುಡುಗ ಅಂದಿನಿಂದ ಅಭ್ಯಾಸಕ್ಕೆ ಬಂದಿಲ್ಲ. ಎಡಗಾಲಿನಲ್ಲಿ ಅಷ್ಟು ಚೆನ್ನಾಗಿ ಚೆಂಡು ಹಿಡಿಯುವ ಹುಡುಗ ನಮ್ಮಲ್ಲಿ ಇನ್ನೊಬ್ಬನಿಲ್ಲ. ಅವರಪ್ಪನಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

ಲಿನೆಕರ್ ಜಾಗಕ್ಕೆ ಗ್ಯಾಬಿ ಲೋಗನ್, ಕೆಲ್ಲಿ ಕೇಟ್ಸ್, ಮಾರ್ಕ್ ಚಾಪ್‌ಮನ್ ಮೂವರೂ ಸರದಿಯಂತೆ ಬಂದಿದ್ದಾರೆ. ಅವರು ಹೇಗೆ ನಡೆಸಿಕೊಡುತ್ತಿದ್ದಾರೆ ಎಂದು ನಮ್ಮ ಕೂಟದ ಒಬ್ಬರೂ ನನ್ನನ್ನು ಕೇಳಿಲ್ಲ. ಅಷ್ಟು ಗಂಟಲು ಹರಿದುಕೊಂಡವರಿಗೆ ಅಷ್ಟಾದರೂ ಕುತೂಹಲ ಇರಬಾರದೇ?

ಚಳಿಗಾಲ ಬಂತೆಂದು ಇಂಗ್ಲೆಂಡಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದಾರೆ, ಅಲ್ಲಿನ ಮಧ್ಯಾಹ್ನ ಮೂರರ ಪಂದ್ಯಗಳು ಈಗ ನಮಗೆ ರಾತ್ರಿ ಎಂಟೂವರೆಗೆ. ಈ ಶನಿವಾರದಿಂದ ಮತ್ತೆ ಚಾಪೆ ಹಾಸುತ್ತೇನೆ, ಕಡಲೆಕಾಯಿಯೂ ಇರುತ್ತದೆ. ಆಟ ನೋಡುವವರು ಬನ್ನಿ, ಮಕ್ಕಳನ್ನೂ ಕರೆದುಕೊಂಡು ಬನ್ನಿ. ಯಾವ ಕಡೆ ಎಂದು ಕೇಳುವವರು ಚಪ್ಪಲಿ ಬಿಚ್ಚುವ ಶ್ರಮ ತೆಗೆದುಕೊಳ್ಳುವುದು ಬೇಡ.