ಎರಡನೆಯವನ ಬೆನ್ನಿನ ಚೀಲ

ಗಂಗಾವತಿ ಕಡೆಯ ಗುಡ್ಡವೊಂದರ ನಡುಮಟ್ಟದಲ್ಲಿ, ಬೆನ್ನಿನ ಚೀಲ ಬಂಡೆಯ ಸೀಳಿನೊಳಗೆ ಸಿಕ್ಕಿಕೊಂಡು ನಾನು ಏರಲಾರದೆ ಇಳಿಯಲಾರದೆ ಒದ್ದಾಡುತ್ತಿದ್ದಾಗ, ಹಗ್ಗ ಕಟ್ಟಿಕೊಂಡು ಮೊದಲು ಏರಿ, ಮೇಲೆ ಆರಾಮವಾಗಿ ಕುಳಿತಿದ್ದ ಮುಂದಾಳು ‘ಯಾಕ್ರೀ, ಇಷ್ಟು ತಡ?’ ಎಂದು ಕೇಳಿದ ಮೇಲೂ ಸುಮ್ಮನಿರುವುದು ಸಾಧ್ಯವೇ?

ಸಾಣಾಪುರದ ಗುಂಡುಬಂಡೆಗಳನ್ನು ಹಗ್ಗವಿಲ್ಲದೆ ಹತ್ತುವವರಿಗೆ ಶೂ, ಚಾಕ್ ಪುಡಿ, ಬಿದ್ದರೆ ಪೆಟ್ಟಾಗದಂತೆ ಕೆಳಗೆ ಹಾಸಲು ಕ್ರ್ಯಾಶ್ ಪ್ಯಾಡ್ ಎಂಬ ಒಂದು ದಪ್ಪ ಹಾಸು ಇದ್ದರೆ ದಿನ ಕಳೆಯುತ್ತದೆ. ಹಗ್ಗ ಕಟ್ಟಿಕೊಂಡು ಎತ್ತರದ ಬಂಡೆ ಏರುವ ನಾವೋ ಹುಲಿಗಿ ಜಾತ್ರೆಗೆ ಹೊರಟ ಸಂಸಾರದಂತೆ ಗಂಟುಮೂಟೆ ಕಟ್ಟಬೇಕು. 60 ಮೀಟರ್ ಹಗ್ಗವೊಂದೇ ಸುಮಾರು 4 ಕಿಲೋ. ಅದರ ಮೇಲೆ, ಬಿದ್ದರೆ ಹಗ್ಗ ತಡೆಯಲೆಂದು ಬಂಡೆಯ ಬಿರುಕುಗಳಲ್ಲಿ ಸಿಕ್ಕಿಸುವ ಕ್ಯಾಮ್‌ಗಳು, ನಟ್‌ಗಳು, ಪಟ್ಟಿಯ ಕುಣಿಕೆಗಳಾದ ಸ್ಲಿಂಗ್‌ಗಳು, ಕ್ಯಾರಬೈನರ್ ಎಂಬ ಲೋಹದ ಕೊಂಡಿಗಳು, ಇಳಿಯುವಾಗ ಬೇಕಾಗುವ ಚಪ್ಪಲಿ, ಈ ಸೀಮೆಯ ಬಿಸಿಲಿಗೆ ಎಷ್ಟು ಹೊತ್ತರೂ ಸಾಲದ ನೀರು. ಮುಂದಾಳು ಹಗುರವಾಗಿರಬೇಕಂತೆ, ಆದ್ದರಿಂದ ಚೀಲ ಹಿಂದಿನಿಂದ ಏರುವ ಎರಡನೆಯವನಿಗಂತೆ. ಇದು ಯಾವ ಸೀಮೆಯ ನ್ಯಾಯ? ಅವರು ಬಿರುಕುಗಳಲ್ಲಿ ಸಿಕ್ಕಿಸಿ ಹಗುರವಾಗುತ್ತ ಹೋದ ಕ್ಯಾಮ್‌ಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಸೊಂಟಕ್ಕೆ ತೂಗುಹಾಕಿಕೊಳ್ಳುತ್ತ, ನಾನು ಮಾತ್ರ ಏರಿದಷ್ಟೂ ಭಾರವಾಗುತ್ತೇನೆ. ಕಷ್ಟಪಟ್ಟು ತುದಿ ಮುಟ್ಟಿದರೆ, ನಾನು ಹೊತ್ತು ತಂದ ನೀರಿನಲ್ಲಿ ಮುಕ್ಕಾಲು ಪಾಲನ್ನು ಅವರೇ ಕುಡಿದು, ಚೀಲ ಹಗುರಮಾಡಿಕೊಟ್ಟೆನೆಂದು ಉಪಕಾರವನ್ನು ಬೇರೆ ಹೊರಿಸುತ್ತಾರೆ.