ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಒಮ್ಮೆ ಸ್ಲಾಟ್ ನೋಡಿ

2024ರ ಬೇಸಿಗೆ ರಜೆಯಲ್ಲಿ ತಂಗಿ ಮಗಳು ಮನೆಗೆ ಬಂದಿದ್ದಳು. ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಕಟ್ಟಡಗಳ 3ಡಿ ಮಾಡೆಲ್ ಮಾಡುವ ಸಾಫ್ಟ್‌ವೇರ್ ಸ್ಕೆಚಪ್‌ನಲ್ಲಿ ಒಂದು ಮನೆಯ ಮಾಡೆಲ್ ತಿರುಗಿಸಿದರೆ ಸಾಕು, ಅವಳ ಲ್ಯಾಪ್‌ಟಾಪ್ ತಡೆದು ತಡೆದು ನಿಲ್ಲುತ್ತಿತ್ತು. "ಮಾಮ, ಗ್ರಾಫಿಕ್ಸ್ ಕಾರ್ಡ್ ಇರೋ ಹೊಸದೇ ತಗೋಬೇಕಂತೆ. 70 ಸಾವಿರ ಆಗುತ್ತೆ ಅಂದ್ರು ಅಂಗಡಿಯವರು" ಅಂದಳು. ಅಷ್ಟು ದುಡ್ಡು ಹೊಂದಿಸೋದು ತಂಗಿಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಲ್ಯಾಪ್‌ಟಾಪ್ ಒಳಗೆ ಏನು ಎಷ್ಟು ಬಳಕೆಯಾಗುತ್ತಿದೆ ಎಂದು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದೆ. ಮೆಮೊರಿ ಅಂತ ಇರುವಲ್ಲಿ, ರ‍್ಯಾಮ್ (ಕೆಲಸ ಮಾಡುವಾಗ ಮಾಹಿತಿ ಇಟ್ಟುಕೊಳ್ಳುವ ಮೆಮೊರಿ) ಕೂರಿಸುವ ಎರಡು ಸ್ಲಾಟ್‌ನಲ್ಲಿ ಒಂದು ಮಾತ್ರ ಬಳಕೆಯಲ್ಲಿದೆ ಎಂದು ತೋರಿಸಿತು. ಇನ್ನೊಂದು ವಿಚಿತ್ರ: ಇಂಟೆಲ್‌ನ 11ನೇ ಜೆನರೇಶನ್ ಐ5 ಪ್ರೊಸೆಸರ್ ಅದು, ಡಬ್ಬದ ಮೇಲೆ 'ಐರಿಸ್ ಎಕ್ಸ್‌ಇ' ಗ್ರಾಫಿಕ್ಸ್ ಎಂದಿತ್ತು. ಒಳಗೆ ನೋಡಿದರೆ ಅದಕ್ಕಿಂತ ಕೆಳದರ್ಜೆಯ ಹೆಸರು, ಬರೀ 'ಯುಎಚ್‌ಡಿ'. ಮೋಸ ಹೋದೆ ಅಂದುಕೊಂಡು ಮಗು ಮುಖ ಸಣ್ಣದು ಮಾಡಿಕೊಂಡಳು.

ವಿಷಯ ಇಷ್ಟೇ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ಮೂಡಿಸುವ ಭಾಗ ಪ್ರೊಸೆಸರ್ ಒಳಗೇ ಇರುತ್ತದೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಿಂದಲೇ ಎಲ್ಲ ತರಬೇಕು. ಕೆರೆ ತುಂಬಿದ್ದರೂ ತೂಬು ಚಿಕ್ಕದಾದರೆ ಗದ್ದೆಗೆ ನೀರು ಬರೋದು ನಿಧಾನ, ಅಲ್ವಾ? 3200 ವೇಗದ ಡಿಡಿಆರ್4 ರ‍್ಯಾಮ್ ಒಂದೇ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಹರಿಯುತ್ತದೆ. ಎರಡು ಹಾಕಿದರೆ 51.2. ಮಾಹಿತಿ ಹೀಗೆ ಎರಡು ದಾರಿಯಲ್ಲಿ ಹರಿಯದಿದ್ದರೆ ಇಂಟೆಲ್ ಆ ಗ್ರಾಫಿಕ್ಸನ್ನು ಐರಿಸ್ ಅಂತ ಕರೆಯೋದೇ ಇಲ್ಲ.

ಮಾರನೇ ದಿನ ಕಂಪ್ಯೂಟರ್ ಬಿಡಿಭಾಗ ಸಿಗುವ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ ಅದೇ ವೇಗದ 8 ಜಿಬಿ ರ‍್ಯಾಮ್ ತಂದೆ. ಎರಡು ಸಾವಿರದೊಳಗೆ ಸಿಕ್ಕಿತು. ಹಿಂಬದಿಯ ಸ್ಕ್ರೂ ಬಿಚ್ಚಿ ಹಾಕಿ ಆನ್ ಮಾಡಿದೆವು. ಹೆಸರು ತಾನಾಗಿ ಐರಿಸ್ ಆಗಿತ್ತು! ಮಾಡೆಲ್ ನಯವಾಗಿ ತಿರುಗಿತು. ಮಾಡೆಲನ್ನು ಫೋಟೊದಂಥ ಚಿತ್ರ ಮಾಡುವ ದೊಡ್ಡ ರೆಂಡರ್‌ಗೆ ಈಗಲೂ ಕಾಯಬೇಕು, ಅದನ್ನು ಮುಚ್ಚಿಡಲ್ಲ. ಆದರೆ ಅವಳ ದಿನದ ಕೆಲಸ ನಡೆಯುತ್ತಿದೆ.

ನನಗೆ ಬೇಜಾರಾಗುವುದು ಇಲ್ಲೇ. ಮಾರುವಾಗ '8 ಜಿಬಿ' ಎಂದಷ್ಟೇ ಹೇಳುತ್ತಾರೆ. ಅದು ಒಂದೇ ರ‍್ಯಾಮ್ ಕಡ್ಡಿಯೋ ಎರಡೋ, ಇನ್ನೊಂದು ಸ್ಲಾಟ್ ಖಾಲಿ ಇದೆಯೋ, ಯಾರೂ ಹೇಳಲ್ಲ. ಕೊಳ್ಳುವವರು ಇದನ್ನು ಕೇಳಲೇಬೇಕು.

ಈಗಂತೂ ಜಾಸ್ತಿ ಕೇಳಬೇಕು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರುತ್ತಲೇ ಹೋಯಿತು. ಅಂದು ನಾನು ಕೊಟ್ಟ ದುಡ್ಡಿನ ದುಪ್ಪಟ್ಟು ಕೊಟ್ಟರೂ ಅದು ಬರದ ಹಾಗಾಯಿತು. ಪ್ರಪಂಚದ ಬಹುಪಾಲು ಮೆಮೊರಿ ಚಿಪ್ ಮಾಡುವವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರೇ. ಎಐ ಡೇಟಾ ಸೆಂಟರ್‌ಗಳು ದೊಡ್ಡ ಬೆಲೆ ಕೊಟ್ಟು ಕೊಳ್ಳುತ್ತಿವೆ, ಕಾರ್ಖಾನೆಗಳೂ ಆ ಕಡೆ ತಿರುಗಿವೆ. ನಮ್ಮಂಥವರು ಬಿಡಿಯಾಗಿ ಕೊಳ್ಳುತ್ತಿದ್ದ 'ಕ್ರೂಷಿಯಲ್' ರ‍್ಯಾಮ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಹೇಳಿತು.

ತೆಳುವಾದ ಲ್ಯಾಪ್‌ಟಾಪ್‌ಗಳದ್ದು ಬೇರೆ ಕಥೆ. ಅಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅದರಿಂದ ವೇಗ ಹೆಚ್ಚು, ಬ್ಯಾಟರಿ ಉಳಿತಾಯವೂ ಹೌದು. ಆದರೆ ಕೊಂಡ ದಿನ ಎಷ್ಟಿತ್ತೋ ಕೊನೆತನಕ ಅಷ್ಟೇ. ಮ್ಯಾಕ್‌ಬುಕ್ ಏರ್‌ನಲ್ಲಿ 8 ಜಿಬಿಯನ್ನು 16 ಮಾಡಿಸಿಕೊಳ್ಳಲು ಆ್ಯಪಲ್ 20,000 ರೂಪಾಯಿ ತೆಗೆದುಕೊಳ್ಳುತ್ತಿತ್ತು. ಮೂಗಿಗಿಂತ ಮೂಗುತಿ ಭಾರ. 2024ರ ಅಕ್ಟೋಬರ್‌ನಲ್ಲಿ ಬೆಲೆ ಏರಿಸದೆ 16 ಜಿಬಿಯಿಂದಲೇ ಶುರು ಮಾಡಿದರು. ತುಂಬಾ ತಡವಾಯಿತು ಅಂತ ನನ್ನ ಅನಿಸಿಕೆ. ಬೆಸುಗೆ ಹಾಕಿದ್ದೇ ಕೊಳ್ಳುವುದಾದರೆ ದಯವಿಟ್ಟು 8 ಜಿಬಿಗೆ ಒಪ್ಪಬೇಡಿ.

ಮನೆಯಲ್ಲಿ ಮಕ್ಕಳ ಲ್ಯಾಪ್‌ಟಾಪ್ ನಿಧಾನವಾಗಿದ್ದರೆ ಇವತ್ತೇ ಟಾಸ್ಕ್ ಮ್ಯಾನೇಜರ್ ತೆಗೆದು ಸ್ಲಾಟ್ ನೋಡಿ. ಅರ್ಥವಾಗದಿದ್ದರೆ ಮಾಡೆಲ್ ನಂಬರ್ ಕಾಮೆಂಟಿನಲ್ಲಿ ಹಾಕಿ. ರಾತ್ರಿ ಕೂತು ಒಂದೊಂದಕ್ಕೂ ಉತ್ತರ ಬರೆಯುತ್ತೇನೆ.